ಹೊಳೆ ತಳದ ಹೊಯ್ಗೆ

ಕುಂದಾಪುರದ ಹತ್ತಿರ, ಹೊಳೆಬದಿಯಲ್ಲಿ ನಮ್ಮ ದೊಡ್ಡಮ್ಮನ ಮನೆ. ಏಪ್ರಿಲ್ ಕಳೆಯಿತೆಂದರೆ ಬಾವಿ ನೀರು ನಾಲಿಗೆಗೆ ಉಪ್ಪು ಹತ್ತುತ್ತದೆ. ಸೋಪು ನೊರೆ ಬರುವುದಿಲ್ಲ. ಎರಡು ಸೀಟಿ ಜಾಸ್ತಿ ಕೂಗಿಸಿದರೂ ಬೇಳೆ ಗಟ್ಟಿ. "ಸಮುದ್ರ ಮೇಲೆ ಬಂತು ಮಗಾ" ಅನ್ನುತ್ತಾರೆ ದೊಡ್ಡಮ್ಮ.

ಸಮುದ್ರದ ನೀರು ಬರುವುದು ಹೊಳೆಯ ತಳದಿಂದ. ಗಾಜಿನ ಲೋಟದಲ್ಲಿ ಸಿಹಿನೀರು ಹಾಕಿ, ಚೆನ್ನಾಗಿ ಉಪ್ಪು ಕಲಸಿದ ಪುನರ್ಪುಳಿ (ಕೋಕಂ) ನೀರನ್ನು ಅಂಚಿನಿಂದ ಮೆಲ್ಲಗೆ ಬಿಟ್ಟು ನೋಡಿ. ಕೆಂಪು ನೀರು ಅಡಿಗೆ ಹೋಗಿ ಕೂರುತ್ತದೆ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲೂ ಅಷ್ಟೇ, ಭಾರದ ಉಪ್ಪುನೀರು ಸಿಹಿನೀರಿನ ಕೆಳಗೆ ನುಸುಳಿ ಹೊಳೆಯ ಮೇಲ್ಗಡೆಗೆ ಸಾಗುತ್ತದೆ. ತಳದಲ್ಲಿ ಹೊಯ್ಗೆ, ಅಂದರೆ ಮರಳು, ಅಲೆ ಅಲೆಯಾಗಿ ದಿಬ್ಬ ಕಟ್ಟಿದ್ದರೆ ಅದಕ್ಕೆ ಸಲೀಸಿಲ್ಲ. ಪ್ರತಿ ದಿಬ್ಬದ ಹಿಂದೆ ನೀರು ಸುಳಿ ತಿರುಗುತ್ತದೆ, ಉಪ್ಪು-ಸಿಹಿ ಕಲಸಿಹೋಗುತ್ತವೆ. ಕಲಸಿದ ನೀರಿಗೆ ಮೊದಲಿನ ಭಾರ ಇಲ್ಲ. ಹೊಳೆ ಅದನ್ನು ವಾಪಸು ತಳ್ಳುತ್ತದೆ.

ಇಂಥ ದಿಬ್ಬವನ್ನು ದುಡ್ಡು ಕೊಟ್ಟು ಕಟ್ಟಿಸಿದವರೂ ಇದ್ದಾರೆ. 2023ರ ಬರಗಾಲದಲ್ಲಿ ಮಿಸಿಸಿಪ್ಪಿ ನದಿ ಸೊರಗಿ, ಉಪ್ಪುನೀರು ನ್ಯೂ ಆರ್ಲಿಯನ್ಸ್ ಕಡೆಗೆ ಹೊರಟಿತು. ಅಮೆರಿಕದ ಸೇನೆಯ ಎಂಜಿನಿಯರುಗಳು ನದಿಯದೇ ಹೂಳು ತೆಗೆದು ತಳದಲ್ಲಿ ಅಡ್ಡದಿಬ್ಬ ಹಾಕಿದರು. ಸೆಪ್ಟೆಂಬರಿನಲ್ಲಿ ಉಪ್ಪು ಅದನ್ನೂ ದಾಟಿತು. ಹಡಗಿಗೆ ದಾರಿ ಬಿಟ್ಟು, ಉಳಿದ ಕಡೆ ಇನ್ನೂ 25 ಅಡಿ ಏರಿಸಿದರು. 1988ರಲ್ಲೂ 2012ರಲ್ಲೂ ಇಂಥ ಅಡ್ಡದಿಬ್ಬ ಹಾಕಿದ್ದರು. ಹೊಳೆ ತಾನೇ ಕಟ್ಟಿಕೊಳ್ಳುವ ಸಾಲು ದಿಬ್ಬ ಬೇರೆ, ಈ ಒಂಟಿ ಅಡ್ಡದಿಬ್ಬ ಬೇರೆ. ಒಪ್ಪುತ್ತೇನೆ.

ನಮ್ಮಲ್ಲಿ? ದೋಣಿಗೆ ಅಡ್ಡ ಅಂತ ಹೇಳಿ ದಿಬ್ಬ ತೆಗೆಯುತ್ತೇವೆ. ದೋಣಿಯವರ ಕಷ್ಟ ಸುಳ್ಳಲ್ಲ. ಅಳಿವೆಯಲ್ಲಿ ದೋಣಿ ಮಗುಚಿದರೆ ಹೋಗುವುದು ಅವರ ಜೀವ. ಆದರೆ ದೋಣಿಗೆ ಬೇಕಾದ್ದು ಒಂದು ದಾರಿ. ಹೊಯ್ಗೆ ಸಾಗಿಸುವ ಲಾರಿಗೆ ಬೇಕಾದ್ದು ಹೊಳೆಯ ಇಡೀ ತಳ. ತಳ ಆಳವಾದಷ್ಟೂ ಉಪ್ಪು ಇನ್ನೂ ಒಳಗೆ ಬರುತ್ತದೆ, ಹೊಳೆಬದಿಯ ಬಾವಿಗೂ ಒಸರುತ್ತದೆ.

ಬಾವಿ ಉಪ್ಪಾಗುವುದಕ್ಕೆ ಹೊಯ್ಗೆ ಒಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಬೇಸಿಗೆಯಲ್ಲಿ ಹೊಳೆಗೆ ಇಳಿದು ಬರುವ ಸಿಹಿನೀರೇ ಕಡಿಮೆ, ಪಂಪು ಬೇರೆ ಜಾಸ್ತಿ. ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟಿನ ಹಲಗೆ ಹೊತ್ತಿಗೆ ಸರಿಯಾಗಿ ಹಾಕದಿದ್ದರೂ ಅಷ್ಟೇ. ಆದರೂ ಹೊಯ್ಗೆಗೆ ಪರವಾನಗಿ ಕೊಡುವ ಮೊದಲು ತಳದ ಆಳದ ಜೊತೆ ಮೇ ತಿಂಗಳ ನೀರಿನ ಉಪ್ಪನ್ನೂ ಅಳೆಯಬೇಕು. ಅಳೆದದ್ದನ್ನು ಪಂಚಾಯಿತಿ ಬೋರ್ಡಿನಲ್ಲಿ ಬರೆದು ಹಾಕಬೇಕು.

ಹೊಳೆಬದಿಯಲ್ಲಿ ಇರುವವರು ಹೇಳಿ, ನಿಮ್ಮ ಬಾವಿ ಯಾವ ತಿಂಗಳಲ್ಲಿ ಉಪ್ಪಾಗುತ್ತದೆ? ಹತ್ತು ವರ್ಷದ ಹಿಂದೆ ಯಾವಾಗ ಆಗುತ್ತಿತ್ತು?