ಶನಿವಾರವಾಡೆಯಲ್ಲಿ ಕೇಳಬೇಕಾದ ಪ್ರಶ್ನೆ

ಊರಿನಿಂದ ನೆಂಟರು ಬಂದಾಗ ಅವರನ್ನು ಮರಾಠಾ ರಾಜ್ಯವಾಳಿದ ಪೇಶ್ವೆಗಳ ಅರಮನೆಯಾಗಿದ್ದ ಶನಿವಾರವಾಡೆಗೆ ಕರೆದೊಯ್ಯುವುದು ಪುಣೆಯ ಕನ್ನಡಿಗರ ಮನೆಗಳಲ್ಲಿ ವಾಡಿಕೆ. ಅವರು ಅಲ್ಲಿಂದ ಕೇಳಿಕೊಂಡು ಹೋಗುವುದು ಮಾತ್ರ ಹುಣ್ಣಿಮೆಯ ರಾತ್ರಿ ‘ಕಾಕಾ, ಕಾಪಾಡು’ ಎಂದು ಕೂಗುವ ದೆವ್ವದ ಕಥೆಯನ್ನು. ಹದಿನೆಂಟು ವರ್ಷದ ಪೇಶ್ವೆ ನಾರಾಯಣರಾಯನ ಕೊಲೆ ಹೀಗೆ ಮೈನವಿರೇಳಿಸುವ ಕಥೆಯಾಗಿ ಉಳಿದಿರುವುದು ನನಗೆ ನೋವಿನ ಸಂಗತಿ. ಅವನ ಉಪ್ಪು ತಿಂದು ಅವನ ಬಾಗಿಲು ಕಾಯುತ್ತಿದ್ದವರಿಗೇ ಅವನನ್ನು ಕೊಲ್ಲುವಷ್ಟು ಬಲ ಬಂದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ.

1773ರ ಆಗಸ್ಟ್ 30ರಂದು, ಗಣೇಶೋತ್ಸವದ ದಿನಗಳಲ್ಲಿ, ಸುಮೇರ್ ಸಿಂಗನ ಮುಂದಾಳುತನದಲ್ಲಿ ಗಾರ್ದಿಗಳು ವಾಡೆಯ ಒಳಮನೆಗೆ ನುಗ್ಗಿದರು. ಗಾರ್ದಿಗಳೆಂದರೆ ಯುರೋಪಿನ ಪದ್ಧತಿಯಲ್ಲಿ ಕವಾಯತು ಕಲಿತ, ಸಂಬಳಕ್ಕೆ ದುಡಿಯುವ ಬಂದೂಕಿನ ಕಾಲಾಳುಗಳು. 1761ರಲ್ಲಿ ಪಾಣಿಪತ್ತಿನ ರಣರಂಗದಲ್ಲಿ ಇಬ್ರಾಹಿಂ ಖಾನನ ಕೈಕೆಳಗೆ ಮರಾಠರಿಗಾಗಿ ಪ್ರಾಣ ಕೊಟ್ಟವರೂ ಗಾರ್ದಿಗಳೇ. ಆದ್ದರಿಂದ ಅವರನ್ನು ಹುಟ್ಟಾ ದ್ರೋಹಿಗಳೆಂದು ಕರೆದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅವರಿಗೆ ಸಂಬಳದ ಬಾಕಿ ಬರಬೇಕಿತ್ತು. ಅದೇ ವಾಡೆಯಲ್ಲಿ ಬಂಧನದಲ್ಲಿದ್ದ ಚಿಕ್ಕಪ್ಪ ರಘುನಾಥರಾಯನಿಗೆ ಗಾದಿ ಬೇಕಿತ್ತು. ಈ ಎರಡು ಅಗತ್ಯಗಳು ಒಂದಾದ ಮೇಲೆ ಒಳಗಿನಿಂದ ತಡೆಯುವವರು ಯಾರೂ ಉಳಿಯಲಿಲ್ಲ. ಹುಡುಗ ಓಡಿಹೋಗಿ ಮೊರೆಹೊಕ್ಕದ್ದೂ ಅದೇ ಚಿಕ್ಕಪ್ಪನನ್ನು.

ಕಾವಲು ಪಡೆ ಅಧಿಕಾರವನ್ನು ಕಸಿದುಕೊಳ್ಳುವ ಮೊದಲೇ ಅರಮನೆಯ ಒಳಗಿನವರು ಅದನ್ನು ಅದರ ಕೈಗಿಟ್ಟಿರುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ರೋಮಿನಲ್ಲಿ ಚಕ್ರವರ್ತಿಯ ಕಾವಲಿಗಿದ್ದ ಪ್ರಿಟೋರಿಯನ್ ಪಡೆಯ ತುಕಡಿಗಳನ್ನೆಲ್ಲ ನಗರದ ಅಂಚಿನ ಒಂದೇ ಪಾಳೆಯದಲ್ಲಿ ಕೂಡಿಹಾಕಿ ಅದರ ಬಲ ಹೆಚ್ಚಿಸಿದವನು ಚಕ್ರವರ್ತಿ ಟೈಬೀರಿಯಸನ ನಂಬಿಕೆಯ ದಳಪತಿ ಸೆಜೇನಸ್. ಕ್ರಿ.ಶ. 41ರಲ್ಲಿ ಆ ಪಡೆಯ ಅಧಿಕಾರಿಗಳೇ ಚಕ್ರವರ್ತಿ ಕಲಿಗುಲನನ್ನು ಕೊಂದಾಗ, ಪಡೆ ಪಟ್ಟಕ್ಕೆ ಏರಿಸಿದ ಕ್ಲಾಡಿಯಸ್ ತಲೆಗೆ 15,000 ಸೆಸ್ಟರ್ಸ್ ಎಂಬ ರೋಮನ್ ನಾಣ್ಯದಂತೆ ಹಣ ಕೊಡಲೊಪ್ಪಿದ. ಪಟ್ಟಕ್ಕೆ ಬೆಲೆ ನಿಗದಿಯಾದ ದಿನ ಅದು. 193ರಲ್ಲಿ ಅದೇ ಪಡೆಯವರು ಚಕ್ರವರ್ತಿ ಪರ್ಟಿನ್ಯಾಕ್ಸನನ್ನು ಪಟ್ಟವೇರಿದ ಮೂರು ತಿಂಗಳೊಳಗೆ ಕೊಂದು ಸಿಂಹಾಸನವನ್ನು ಬಹಿರಂಗವಾಗಿ ಹರಾಜಿಗಿಟ್ಟರು. ತಲೆಗೆ 25,000 ಕೂಗಿದ ಡಿಡಿಯಸ್ ಜೂಲಿಯಾನಸ್ ಅದನ್ನು ಅನುಭವಿಸಿದ್ದು 66 ದಿನ. ಅವನ ನಂತರ ಬಂದ ಸೆವೆರಸ್ ಆ ಪಡೆಯನ್ನು ವಿಸರ್ಜಿಸಿದನಾದರೂ ತನ್ನ ಸೈನಿಕರಿಂದಲೇ ಇನ್ನೂ ದೊಡ್ಡ ಪಡೆಯನ್ನು ಕಟ್ಟಿಕೊಂಡ.

ನಮ್ಮ ಶ್ರೀರಂಗಪಟ್ಟಣವೂ ಇದಕ್ಕೆ ಹೊರತಲ್ಲ. 1758ರಲ್ಲಿ ಸಂಬಳ ಸಿಗದ ಸೈನಿಕರು ದಂಗೆಯೆದ್ದಾಗ ಬಾಕಿ ತೀರಿಸಿ ಅವರನ್ನು ಸಮಾಧಾನಪಡಿಸಿದವನು ಹೈದರಾಲಿ. 1761ರ ಹೊತ್ತಿಗೆ ರಾಜ್ಯವೇ ಅವನ ಕೈಯಲ್ಲಿತ್ತು, ಒಡೆಯರು ಹೆಸರಿಗಷ್ಟೇ ಅರಸರಾಗಿದ್ದರು. ಹೈದರನ ಸಾಮರ್ಥ್ಯ ದೊಡ್ಡದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ದಾರಿ ತೆರೆದದ್ದು ಬರಿದಾದ ಬೊಕ್ಕಸ.

ಇಂಥ ಪಡೆಯನ್ನು ಬದಲಿಸಹೊರಟ ದೊರೆಗಳಿಗೂ ಅದು ಸುಲಭವಾಗಲಿಲ್ಲ. ಸುಲ್ತಾನರ ಖಾಸಾ ಕಾಲಾಳು ಪಡೆಯಾದ ಜಾನಿಸರಿಗಳ ಬದಲು ಹೊಸ ಸೈನ್ಯ ಕಟ್ಟುವ ಆಲೋಚನೆಯಲ್ಲಿದ್ದ ಆಟೊಮನ್ ಸುಲ್ತಾನ ಎರಡನೆಯ ಉಸ್ಮಾನ್ 1622ರಲ್ಲಿ, ನಾರಾಯಣರಾಯನಿಗಿಂತ ಎಳೆಯ ವಯಸ್ಸಿನಲ್ಲಿ, ಅವರ ದಂಗೆಗೆ ಬಲಿಯಾದ. ಅವರನ್ನು ಎರಡನೆಯ ಮಹಮೂದ್ ಅಳಿಸಿದ್ದು 1826ರಲ್ಲಿ, ಅದೂ ಇಸ್ತಾಂಬುಲಿನ ಬ್ಯಾರಕ್ಕುಗಳ ಮೇಲೆ ಫಿರಂಗಿ ಹಾರಿಸಿ.

ಪುಣೆಯಲ್ಲಿ ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ರಘುನಾಥರಾಯನನ್ನೇ ತಪ್ಪಿತಸ್ಥನೆಂದು ಹೇಳುವ ಎದೆಗಾರಿಕೆ ತೋರಿದರು. ಪೇಶ್ವೆಯ ಮಂತ್ರಿ ನಾನಾ ಫಡ್ನವೀಸ ಮತ್ತು ಜೊತೆಗಾರರು ಕೊಲೆಯಾದವನ ಹಸುಗೂಸನ್ನು 1774ರಲ್ಲಿ ಪೇಶ್ವೆಯಾಗಿಸಿದಾಗ, ಬಾಡಿಗೆಯ ಬಂದೂಕಿನಿಂದ ಗಾದಿ ಏರಿದ್ದ ರಘುನಾಥರಾಯ ಮತ್ತೊಂದು ಬಾಡಿಗೆಯ ಪಡೆಯನ್ನೇ ಹುಡುಕಿ ಹೋದ. 1775ರ ಸೂರತ್ ಒಪ್ಪಂದದಲ್ಲಿ ಮುಂಬಯಿಯ ಇಂಗ್ಲಿಷರು ಅವನ ಖರ್ಚಿನಲ್ಲೇ 2,500 ಸೈನಿಕರನ್ನು ಕೊಡಲೊಪ್ಪಿದರು, ಪ್ರತಿಯಾಗಿ ಮುಂಬಯಿಯ ಬಳಿಯ ಸಾಷ್ಟಿ ಮತ್ತು ವಸಯಿಯನ್ನು ಬರೆಸಿಕೊಂಡರು.