ಇಮೇಲ್ ಕೇಳಿದರೆ ‘ಕಡತದಲ್ಲಿ ಇಲ್ಲ’ ಅಂತಾರೆ

ಮಾಹಿತಿ ಹಕ್ಕಿನಡಿ ಹಾಕಿದ್ದ ಅರ್ಜಿಗೆ 30 ದಿನದ ಗಡುವು ಮುಗಿಯುವ ಹಿಂದಿನ ದಿನ ಹಿಂಬರಹ ಬಂತು. ಒಂದೇ ಸಾಲು: ‘ತಾವು ಕೋರಿರುವ ಮಾಹಿತಿಯು ಈ ಕಚೇರಿಯ ಕಡತದಲ್ಲಿ ಲಭ್ಯವಿರುವುದಿಲ್ಲ.’ ಕೆಳಗೊಂದು ದುಂಡನೆ ಮೊಹರು, ಯಾರದೆಂದು ಓದಲಾಗದ ಸಹಿ.

ನಾನೇನು ರಾಜ್ಯದ ರಹಸ್ಯ ಕೇಳಿದೆನೇ? ನಮ್ಮ ಬೀದಿಯ ಚರಂಡಿ ಕೆಲಸ ಅರ್ಧಕ್ಕೆ ನಿಂತು ಎರಡು ಮಳೆಗಾಲ ಆಯ್ತು. ಅದರ ಬಗ್ಗೆ ಇಂಜಿನಿಯರ್ ಮತ್ತು ಗುತ್ತಿಗೆದಾರ ಬರೆದುಕೊಂಡ ಇಮೇಲ್‌ಗಳ ನಕಲು ಕೊಡಿ ಅಂದೆ, ಅಷ್ಟೇ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ನಮ್ಮ ರಾಜ್ಯದ ನಿಯಮದಂತೆ 150 ಪದ ದಾಟದ ಹಾಗೆ ಎಣಿಸಿ ಎಣಿಸಿ ಅರ್ಜಿ ಬರೆದಿದ್ದೆ.

ಹಿಂಬರಹ ಹಿಡಿದು ಹೋದರೆ ಗುಮಾಸ್ತರು, “ಸಾರ್, ಇಮೇಲೆಲ್ಲ ಫೈಲಿಗೆ ಬರಲ್ಲ. ಅದು ಸಾಹೇಬ್ರ ಪರ್ಸನಲ್ಲು” ಅಂದರು. ಮೈಯೆಲ್ಲ ಉರಿದುಹೋಯಿತು. ಅವರೇ ಕೊಟ್ಟ ಹಿಂಬರಹದ ನೆತ್ತಿಯ ಮೇಲೆ, ಕಚೇರಿಯ ಫೋನ್ ನಂಬರ್ ಪಕ್ಕದಲ್ಲೇ ಇಂಜಿನಿಯರ್ ಸಾಹೇಬರ ಆ ಜಿಮೇಲ್ ವಿಳಾಸ ಅಚ್ಚಾಗಿದೆ! ಬೆರಳಿಟ್ಟು ತೋರಿಸಿದೆ. ಅವರು ತಲೆ ಎತ್ತಲಿಲ್ಲ.

2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಎಫ್) ತೆಗೆದು ನೋಡಿ. ದಾಖಲೆ, ಮೆಮೊ, ಇಮೇಲ್, ಅಭಿಪ್ರಾಯ, ಸುತ್ತೋಲೆ, ಆದೇಶ ಎಲ್ಲವೂ ‘ಮಾಹಿತಿ’ಯೇ. ಇಮೇಲ್ ಅನ್ನೋ ಪದವೇ ಅಲ್ಲಿದೆ, ಯಾರೂ ಅರ್ಥ ಹುಡುಕಿಕೊಂಡು ಕೂರಬೇಕಾಗಿಲ್ಲ. ನಡುವೆ ಮನೆ ಮಾತು ಇದ್ದರೆ ಸೆಕ್ಷನ್ 10ರಂತೆ ಅಷ್ಟನ್ನು ಬಿಟ್ಟು ಉಳಿದದ್ದು ಕೊಡಲಿ. ಅವರ ಸಂಸಾರದ ಸುದ್ದಿ ನನಗೆ ಬೇಡವೇ ಬೇಡ. ಇದು ಸಾಲದು ಅಂತ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಬೇರೆ, ಮಾಹಿತಿ ಹಕ್ಕು ಕಾಯ್ದೆಯಲ್ಲಿ ಖಾಸಗಿ ಮಾಹಿತಿಗೆ ವಿನಾಯಿತಿ ಕೊಡುವ ಸೆಕ್ಷನ್ 8(1)(ಜೆ)ಯನ್ನು ತಿದ್ದಿ, ‘ವೈಯಕ್ತಿಕ ಮಾಹಿತಿ’ ಅಂದು ಬಾಗಿಲು ಹಾಕೋದನ್ನ ಇನ್ನಷ್ಟು ಸಲೀಸು ಮಾಡಿಬಿಟ್ಟಿದೆ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಅನ್ನೋ 8(2) ಈಗಲೂ ಇದೆ, ಆದರೆ ಅದನ್ನು ಓದುವವರು ಯಾರು?

ಪ್ರಥಮ ಮೇಲ್ಮನವಿ ಹಾಕಿದ್ದೇನೆ. ವಿಚಾರಿಸುವವರು ಅದೇ ಇಲಾಖೆಯ ಮೇಲಧಿಕಾರಿ. ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗದ ಬಾಗಿಲು. ಮಾಹಿತಿ ಕೊಡದವರಿಗೆ ದಿನಕ್ಕೆ 250ರಂತೆ ಹೆಚ್ಚೆಂದರೆ 25,000 ರೂಪಾಯಿ ದಂಡ, ಅದೂ ಆಯೋಗ ಹಾಕಿದರೆ. ಅಷ್ಟರಲ್ಲಿ ಸಾಹೇಬರಿಗೆ ವರ್ಗಾವಣೆ ಆಗಿರುತ್ತೆ. ಕಾಗದದ ಕಡತವಾಗಿದ್ದರೆ ಧೂಳು ಹಿಡಿದಾದರೂ ಕಪಾಟಿನಲ್ಲಿ ಬಿದ್ದಿರುತ್ತಿತ್ತು. ಈ ಜಿಮೇಲ್ ಖಾತೆ ಅವರ ಜೇಬಿನಲ್ಲೇ ಹೊರಟುಹೋಗುತ್ತೆ, ನಮ್ಮ ಚರಂಡಿ ಯಾಕೆ ನಿಂತಿತು ಅನ್ನೋ ಉತ್ತರದ ಸಮೇತ.