ಒಣಗಿದ್ಯಾ?

ನನ್ನ ಹೊಸ ರೇಸ್ ಕಾರಿನ ಬಾನೆಟ್ ಮೇಲೆ ನಮ್ಮ ಭಾವನ ಹೆಬ್ಬೆಟ್ಟಿದೆ. ಮೇಲೆ ಅಂದೆ ಅಲ್ವಾ, ತಪ್ಪು. ಮೇಲಿದ್ದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಸುಮ್ಮನಾಗುತ್ತಿದ್ದೆ. ಅದು ಒಳಗಿದೆ. ಫಳಫಳ ಹೊಳೆಯುವ ಪ್ಲಾಸ್ಟಿಕ್ಕಿನ ಅಡಿಯಲ್ಲಿ, ಕಿತ್ತಳೆ ಬಣ್ಣದ ಮುಂದೆ, ಪತ್ರಕ್ಕೆ ಸಾಕ್ಷಿ ಹಾಕಿದ ಹಾಗೆ ಕಪ್ಪಗೆ, ಗೆರೆ ಗೆರೆಯಾಗಿ ಕೂತಿದೆ. ಹೆಬ್ಬೆಟ್ಟಿನ ಸುಳಿಯನ್ನು ಬೇಕಾದರೆ ಎಣಿಸಬಹುದು. ನಾನು ಎಣಿಸಿದ್ದೇನೆ. ರಾತ್ರಿ ನಿದ್ದೆ ಬರದಿದ್ದರೆ ಇನ್ನೇನು ಮಾಡೋದು?

ಆರ್‌ಸಿ ಕಾರು, ಅಂದರೆ ರಿಮೋಟಿನಲ್ಲಿ ಓಡಿಸುವ ಪುಟ್ಟ ಕಾರಿನ ಬಾಡಿಗೆ, ಅದರ ಮೇಲಿನ ಪ್ಲಾಸ್ಟಿಕ್ ಕವಚಕ್ಕೆ, ಬಣ್ಣ ಹೊಡೆದು ಕೈ ಸುಟ್ಟುಕೊಂಡವರಿಗೆ ಇಷ್ಟು ಹೇಳಿದರೆ ಸಾಕು, ನನ್ನ ಸಂಕಟ ಅರ್ಥವಾಗುತ್ತೆ. ಈ ಪಾರದರ್ಶಕ ಬಾಡಿಗಳಿಗೆ ಬಣ್ಣ ಹೊಡೆಯುವುದು ಒಳಗಿನಿಂದ. ಹೊರಗೆ ಗೀರು ಬಿದ್ದರೂ ಬಣ್ಣ ಹೋಗಬಾರದು, ಪ್ಲಾಸ್ಟಿಕ್ಕಿನ ಹೊಳಪೇ ಕಾರಿನ ಹೊಳಪಾಗಬೇಕು ಅಂತ ಈ ಏರ್ಪಾಡು. ಒಳ್ಳೆಯದೇ. ಆದರೆ ಇದರಿಂದ ಪ್ರಪಂಚ ತಲೆಕೆಳಗಾಗುತ್ತೆ. ಗೋಡೆಗೆ ಬಣ್ಣ ಹೊಡೆಯುವಾಗ ಕೊನೆಯ ಕೋಟು ಕಣ್ಣಿಗೆ ಕಾಣುತ್ತೆ. ಇಲ್ಲಿ ಮೊದಲನೆಯದು ಕಾಣುತ್ತೆ. ಮೊದಲು ಏನು ತಪ್ಪು ಮಾಡಿದಿರೋ ಅದೇ ಶಾಶ್ವತವಾಗಿ ಎದುರಿಗೆ ನಿಲ್ಲುತ್ತೆ. ಆಮೇಲೆ ಹತ್ತು ಕೋಟು ಹೊಡೆಯಿರಿ, ಅವೆಲ್ಲ ಅದರ ಬೆನ್ನಿಗೆ. ಹೊರಗೆ ಥಳಕು ಒಳಗೆ ಹುಳುಕು ಅನ್ನುವ ಗಾದೆ ಕಟ್ಟಿದವರು ಇಂಥದ್ದೇ ಒಂದು ಬಾಡಿ ಕೈಯಲ್ಲಿ ಹಿಡಿದಿದ್ದರೇನೋ ಅಂತ ನನಗೆ ಬಹಳ ಸಲ ಅನ್ನಿಸಿದೆ.

ಉಲ್ಟಾ ಅಂದರೆ ಬಣ್ಣದ ಸರದಿ ಮಾತ್ರ ಉಲ್ಟಾ ಅಲ್ಲ. ಒಳಗೆ ಮಾಸ್ಕಿಂಗ್ ಟೇಪು ಕತ್ತರಿಸಿ ನಂಬರ್ ಬರೆಯುವಾಗ ಕನ್ನಡಿಯಲ್ಲಿ ಕಂಡ ಹಾಗೆ ಬರೆಯಬೇಕು. ಇದು ಗೊತ್ತಿಲ್ಲದ ಕಾಲದಲ್ಲಿ ಒಮ್ಮೆ 27 ಅಂತ ಬಹಳ ನೀಟಾಗಿ ಬರೆದಿದ್ದೆ. ಹೊರಗಿನಿಂದ ನೋಡಿದರೆ ಅದು ಯಾವ ಲಿಪಿಯೂ ಅಲ್ಲ. ಅವತ್ತಿನಿಂದ ನನ್ನ ಕಾರುಗಳೆಲ್ಲ 8, 11, 88, 101. ಹೆಸರು ಬರೆಯುವ ಆಸೆಯಂತೂ ಬಿಟ್ಟೇಬಿಟ್ಟೆ. ಕನ್ನಡ ವರ್ಣಮಾಲೆಯನ್ನು ಪೂರ್ತಿ ಕನ್ನಡಿಗೆ ಹಿಡಿದು ನೋಡಿದ್ದೇನೆ. ಹೆಚ್ಚುಕಡಿಮೆ ಹಾಗೇ ಕಾಣಿಸುವುದು ರ, ಠ ಅಂಥ ಒಂದೆರಡೇ. ರೇಸ್ ಕಾರಿಗೆ ಠ ಅಂತ ಹೆಸರಿಡೋಕಾಗುತ್ತಾ?

ಈ ಸಲ ಎಲ್ಲ ಸರಿಯಾಗಿ ಮಾಡಬೇಕು ಅಂತ ಹಟ ತೊಟ್ಟಿದ್ದೆ. 1:10 ಅಳತೆಯ ಬಾಡಿ, ಅಂದರೆ ನಿಜವಾದ ಕಾರಿನ ಹತ್ತನೇ ಒಂದರಷ್ಟು. ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು ಹಾಕಿ ಒಳಗೆಲ್ಲ ತೊಳೆದೆ. ಅಚ್ಚಿನಿಂದ ಬಿಡಿಸಿಕೊಂಡು ಬಂದ ಜಿಡ್ಡು ಉಳಿದರೆ ಬಣ್ಣ ಹಿಡಿಯಲ್ಲ. ನಮ್ಮ ಮನೆಯ ಊಟದ ತಟ್ಟೆಗೂ ನಾನು ಇಷ್ಟು ಶ್ರದ್ಧೆ ತೋರಿಸಿಲ್ಲ. ಇದನ್ನು ನಾನಲ್ಲ, ನನ್ನ ಹೆಂಡತಿ ಹೇಳಿದ್ದು. ಆಮೇಲೆ ಕಿಟಕಿಗಳಿಗೆ ಬಣ್ಣ ತಾಗದಿರಲಿ ಅಂತ ಮಾಸ್ಕ್ ಅಂಟಿಸಿದೆ. ಪಟ್ಟಿಗಳಿಗೆ ಟೇಪು ಎಳೆದು, ಪ್ರತಿ ಅಂಚನ್ನೂ ಉಗುರಿನಲ್ಲಿ ಉಜ್ಜಿ ಕೂರಿಸಿದೆ. ಕೂದಲೆಳೆಯಷ್ಟು ಸಂದು ಉಳಿದರೂ ಬಣ್ಣ ನುಸುಳಿ ಗೆರೆಯ ಬದಲು ಜೇಡರಬಲೆ ಬರುತ್ತೆ. ಇದಕ್ಕೇ ಎರಡು ಸಂಜೆ ಹೋಯಿತು. ಬಣ್ಣ ಹೊಡೆಯುವುದು ಅಂತ ಹೇಳುತ್ತೇವೆ, ನಿಜಕ್ಕೂ ಮಾಡುವುದು ಟೇಪು ಅಂಟಿಸುವುದು ಮತ್ತು ಕಾಯುವುದು.

ಡಬ್ಬಿಯ ವಿಷಯದಲ್ಲೂ ಎಚ್ಚರ ವಹಿಸಿದ್ದೆ. ಟಾಮಿಯಾ ಕಂಪನಿಯ ಸ್ಪ್ರೇ ಡಬ್ಬಿಯ ಮೇಲೆ ಪಿಎಸ್ ಅಂತಿದ್ದರೆ ಅದು ಈ ಬಾಡಿಗಳ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿಗೆ, ಟಿಎಸ್ ಅಂತಿದ್ದರೆ ಗಟ್ಟಿ ಪ್ಲಾಸ್ಟಿಕ್ಕಿನ ಮಾಡೆಲ್‌ಗಳಿಗೆ. ಒಂದಕ್ಷರ ತಾನೇ ಅಂದುಕೊಂಡು ನನ್ನ ಮೊಟ್ಟಮೊದಲ ಬಾಡಿಗೆ ಟಿಎಸ್ ಹಳದಿ ಹೊಡೆದಿದ್ದೆ, ಅದೂ ಹೊರಗಿನಿಂದ. ಮನೆಯಲ್ಲಿ ಚಿನ್ನದ ಹಾಗಿತ್ತು. ಮೊದಲ ತಿರುವಿನಲ್ಲಿ ಬಾಡಿ ಸ್ವಲ್ಪ ಬಾಗಿದ್ದೇ ತಡ, ಹಳದಿ ಚಕ್ಕೆಗಳು ಎಲೆ ಉದುರಿದ ಹಾಗೆ ಉದುರಿದವು. ಹಿಂದೆ ಬರುತ್ತಿದ್ದವರು ತಮ್ಮ ಕಾರು ನಿಲ್ಲಿಸಿ ಏನೋ ಮುರಿದಿದೆ ಅಂತ ಹುಡುಕಿದರು.

ಈಗ ಭಾವನ ವಿಷಯಕ್ಕೆ ಬರೋಣ.

ನಮ್ಮಕ್ಕನ ಗಂಡ ಬಹಳ ಒಳ್ಳೆಯ ಮನುಷ್ಯ. ವೃತ್ತಿಯಲ್ಲಿ ಆಡಿಟರ್. ಯಾರ ಬಾಯಿಮಾತನ್ನೂ ನಂಬಲ್ಲ, ಎಲ್ಲವನ್ನೂ ಖುದ್ದು ಪರೀಕ್ಷಿಸಬೇಕು. ಅದರಲ್ಲೂ ಒದ್ದೆಯಾಗಿರುವ ವಸ್ತು ಕಂಡರೆ ಅವರ ಹೆಬ್ಬೆರಳಿಗೆ ತಡೆಯೋಕಾಗಲ್ಲ. ‘ಬಣ್ಣ ಹಸಿ ಇದೆ, ಮುಟ್ಟಬೇಡಿ’ ಅನ್ನುವ ಬೋರ್ಡು ಬೇರೆಯವರಿಗೆ ಎಚ್ಚರಿಕೆ, ಅವರಿಗೆ ಆಮಂತ್ರಣ. ಬೋರ್ಡನ್ನು ಪೂರ್ತಿ ಓದುತ್ತಾರೆ, ತಲೆಯಾಡಿಸುತ್ತಾರೆ, ಮುಟ್ಟುತ್ತಾರೆ. ಹೊಸದಾಗಿ ಸಿಮೆಂಟ್ ಮೆತ್ತಿದ ಅವರ ಮನೆಯ ಕಟ್ಟೆಯಲ್ಲಿ ಒಂದು ಹೆಬ್ಬೆಟ್ಟಿದೆ. ಅವರ ಬೀರುವಿನ ವಾರ್ನಿಶ್‌ನಲ್ಲಿ ಒಂದಿದೆ. ಅಕ್ಕ ಉಗುರಿಗೆ ಬಣ್ಣ ಹಚ್ಚಿಕೊಂಡು ಕೂತಿದ್ದರೂ ಬಿಡಲ್ಲ. ಮುಂದೆಂದಾದರೂ ಅವರ ಮನೆ ಅಗೆದು ನೋಡುವವರು ಇದು ಯಾವುದೋ ರಾಜಮುದ್ರೆ ಅಂದುಕೊಳ್ಳಬೇಕು, ಅಷ್ಟು ಕಡೆ ಒತ್ತಿದ್ದಾರೆ.

ಇದರಲ್ಲಿ ಒಂದು ಕ್ರಮವಿದೆ. ನೀವಾಗಲಿ ನಾನಾಗಲಿ ಮೊದಲು ಕೇಳುತ್ತೇವೆ, ಆಮೇಲೆ ಮುಟ್ಟುತ್ತೇವೆ. ಭಾವ ಹಾಗಲ್ಲ. ‘ಒಣಗಿದ್ಯಾ’ ಅನ್ನುವ ಪ್ರಶ್ನೆ ಬಾಯಿಂದ ಹೊರಡುವ ಹೊತ್ತಿಗೆ ಬೆರಳು ಆಗಲೇ ಹೋಗಿ ವಾಪಸ್ ಬಂದಿರುತ್ತೆ. ಉತ್ತರವನ್ನೂ ಅವರೇ ಹೇಳುತ್ತಾರೆ. ‘ಇಲ್ಲ, ಒಣಗಿಲ್ಲ’. ಆ ದನಿಯಲ್ಲಿ ಸಣ್ಣ ಆಕ್ಷೇಪ ಬೇರೆ. ತಪ್ಪು ಬಣ್ಣದ್ದು, ಬೆರಳಿನದ್ದಲ್ಲ.

ಮೊನ್ನೆ ಭಾನುವಾರ ನಾನು ಕಪ್ಪು ಪಟ್ಟಿಗಳನ್ನು ಮುಗಿಸಿದ್ದೆ. ಗಾಢ ಬಣ್ಣ ಮೊದಲು, ಅದರ ಹಿಂದೆ ತಿಳಿ ಬಣ್ಣ. ಕಪ್ಪಿನ ಹಿಂದೆ ಏನೇ ಬಂದರೂ ಕಪ್ಪು ಕಪ್ಪೇ. ಕಿತ್ತಳೆಯ ಅಂಚಿನ ಹಿಂದೆ ಕಪ್ಪು ಬಂದರೆ ಮಾತ್ರ ಕಿತ್ತಳೆ ಕೆಸರಾಗುತ್ತೆ. ಡಬ್ಬಿಯನ್ನು ಬಿಸಿನೀರಿನ ಬಟ್ಟಲಲ್ಲಿ ನಿಲ್ಲಿಸಿ ಬೆಚ್ಚಗೆ ಮಾಡಿ, ತೋಳು ನೋಯುವಷ್ಟು ಕುಲುಕಿ, ಒಂದಡಿ ದೂರದಿಂದ ಮಂಜು ಬಿದ್ದ ಹಾಗೆ ತೆಳ್ಳಗೆ ಹೊಡೆದಿದ್ದೆ. ಟೇಪು ಮೆಲ್ಲಗೆ ಕಿತ್ತೆ. ಒಂದು ಕಡೆಯೂ ನುಸುಳಿರಲಿಲ್ಲ. ಬ್ಲೇಡಿನಲ್ಲಿ ಕೊಯ್ದ ಹಾಗೆ ಗೆರೆ. ಬಾಡಿ ಅಂಗಾತ ಮಲಗಿತ್ತು, ಕಪ್ಪು ಪಟ್ಟಿಗಳು ಹೊಳೆಯುತ್ತಿದ್ದವು, ಉಳಿದದ್ದೆಲ್ಲ ನೀರಿನಷ್ಟು ತಿಳಿ. ನಾನು ಕೈ ತೊಳೆಯಲು ಹೋದೆ. ಎರಡು ನಿಮಿಷ. ಅಷ್ಟೇ.

ವಾಪಸ್ ಬಂದರೆ ಭಾವ ಬಾಡಿಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಿದ್ದಾರೆ.

‘ಏನೋ ಇದು, ಚೆನ್ನಾಗಿದೆ ಕಣೋ! ಒಣಗಿದ್ಯಾ?’

‘ಭಾವ, ಮುಟ್...’

‘ಒಣಗಿಲ್ಲ’ ಅಂದರು.

ಪಟ್ಟಿಯ ಮೇಲೆ ಮುಟ್ಟಿದ್ದರು. ಅದರ ಬಗ್ಗೆ ನನಗೆ ಬೇಜಾರಿಲ್ಲ, ಅಲ್ಲಿ ಇನ್ನೊಂದು ಸಲ ಕಪ್ಪು ಹೊಡೆದರೆ ಮುಚ್ಚಿಹೋಗುತ್ತೆ. ಆದರೆ ಕಪ್ಪಾದ ಬೆರಳನ್ನು ಅವರು ನೋಡಿಕೊಂಡರು, ನನ್ನ ಮುಖ ನೋಡಿದರು, ಗಾಬರಿಯಲ್ಲಿ ಬಾಡಿಯನ್ನು ಜೋಪಾನವಾಗಿ ಕೆಳಗಿಡಲು ಗಟ್ಟಿಯಾಗಿ ಹಿಡಿದುಕೊಂಡರು. ಹೆಬ್ಬೆರಳು ಬಾನೆಟ್ಟಿನ ಒಳಮೈಯ ನಟ್ಟನಡುವೆ ಕೂತಿತು. ಇಡೀ ಬಾಡಿಯಲ್ಲಿ ಎಲ್ಲರ ಕಣ್ಣೂ ಮೊದಲು ಬೀಳುವ ಜಾಗ. ಬೇರೆ ಯಾವುದೇ ಬಣ್ಣಕ್ಕಿಂತ ಮೊದಲು ಅಲ್ಲಿಗೆ ಭಾವ ತಲುಪಿದರು. ಈ ಕೆಲಸದಲ್ಲಿ ಮೊದಲು ಬಂದವನೇ ಮಾಲೀಕ.

‘ಸುಮ್ನೆ ಚೆಕ್ ಮಾಡ್ದೆ’ ಅಂದರು. ಬೆರಳನ್ನು ನಮ್ಮ ಪರದೆಗೆ ಒರೆಸಿಕೊಂಡರು.

ಅವರು ಹೋದ ಮೇಲೆ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಹೆಂಡತಿಯ ನೇಲ್ ಪಾಲಿಶ್ ರಿಮೂವರ್ ತಂದೆ. ಹತ್ತಿಯಲ್ಲಿ ಅದ್ದಿ, ಹೆಬ್ಬೆಟ್ಟಿನ ಪಕ್ಕ ಒಂದು ಸಣ್ಣ ಜಾಗದಲ್ಲಿ ಒರೆಸಿ ನೋಡಿದೆ. ಭಾವ ಒದ್ದೆ ಬಣ್ಣಕ್ಕೆ ಹೇಗೋ ನಾನು ಹಾಗೆ, ನನಗೂ ಚೆಕ್ ಮಾಡದೆ ತಡೆಯೋಕಾಗಲ್ಲ. ಈ ಪಾಲಿಕಾರ್ಬೊನೇಟ್ ಸಾಮಾನ್ಯದ್ದಲ್ಲ. 1953ರಲ್ಲಿ ಜರ್ಮನಿಯಲ್ಲೊಬ್ಬರು, ಅಮೆರಿಕದಲ್ಲೊಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಕಂಡುಹಿಡಿದ ವಸ್ತು. ಇದನ್ನೇ ಲೆಕ್ಸಾನ್ ಅಂತಲೂ ಕರೆಯುತ್ತಾರೆ, ಅದು ಆ ಅಮೆರಿಕದವರ ಕಂಪನಿ ಇಟ್ಟ ಹೆಸರು. ನಮ್ಮ ಸೀಡಿಗಳು ಇದರದೇ. ಚಂದ್ರನ ಮೇಲೆ ನಡೆದವರು ತಲೆಗೆ ಹಾಕಿಕೊಂಡ ಹೆಲ್ಮೆಟ್ಟೂ ಇದರದೇ. ಗುಂಡು ತಡೆಯುವ ಗಾಜಿನ ಪದರಗಳಲ್ಲೂ ಇದೆ. ಅಂಥ ವಸ್ತು ರಿಮೂವರ್‌ನಲ್ಲಿದ್ದ ಒಂದು ಹನಿ ಅಸಿಟೋನಿಗೆ ಶರಣಾಯಿತು. ಕಣ್ಣೆದುರೇ ಬೆಳ್ಳಗೆ ಮಂಜುಗಟ್ಟಿ, ಪೊರೆ ಬಂದ ಕಣ್ಣಿನ ಹಾಗಾಯಿತು. ಸುತ್ತಿಗೆಗೆ ಬಗ್ಗದ್ದು ಹತ್ತಿಗೆ ಬಗ್ಗಿತು.

ಹೀಗಾಗಿ ಬಾನೆಟ್ಟಿನ ಮೇಲೆ ಈಗ ಎರಡು ಗುರುತು. ಒಂದು ಭಾವನದು, ಒಂದು ನನ್ನದು. ಮನೆಯಲ್ಲಿ ಇದನ್ನು ಹೇಳುವಾಗ ಎರಡನೆಯದನ್ನು ನಾನು ಜಾಸ್ತಿ ವಿವರಿಸಲ್ಲ.

ಇನ್ನೇನು ಮಾಡಲಿ? ಫ್ಲೋರೊಸೆಂಟ್ ಕಿತ್ತಳೆ ಹೊಡೆದೆ. ಅದರ ಬೆನ್ನಿಗೆ ಬಿಳಿ. ಆ ಬಿಳಿ ಇಲ್ಲದಿದ್ದರೆ ಕಿತ್ತಳೆ ಬೆಳಕಿಲ್ಲದ ಕೋಣೆಯ ಹಾಗೆ ಮಂಕಾಗಿ ಕಾಣುತ್ತೆ. ಸ್ಟಿಕರ್ ಹಾಕಿ ಮುಚ್ಚೋಣ ಅಂದರೆ ಹಾಳೆಯಲ್ಲಿದ್ದ ದೊಡ್ಡ ಸ್ಟಿಕರ್ರೂ ಭಾವನ ಹೆಬ್ಬೆರಳಿಗಿಂತ ಚಿಕ್ಕದು. ಸೋಪುನೀರು ಸವರಿ ಅತ್ತಿತ್ತ ಜಾರಿಸಿ ನೋಡಿದೆ. ಎಲ್ಲಿಟ್ಟರೂ ಒಂದು ಅಂಚು ಇಣುಕುತ್ತೆ, ಮರೆಯಲ್ಲಿ ನಿಂತು ಯಾರೋ ನೋಡುತ್ತಿರುವ ಹಾಗೆ. ಅದಕ್ಕಿಂತ ಪೂರ್ತಿ ಕಾಣುವುದೇ ವಾಸಿ ಅಂತ ಸ್ಟಿಕರ್ ಕಿತ್ತೆ.

ಆದರೂ ಇದರಲ್ಲಿ ಒಂದು ಸುಖದ ಗಳಿಗೆ ಇದೆ, ಅದನ್ನು ಯಾವ ಭಾವನೂ ಕಿತ್ತುಕೊಳ್ಳಲಾರ ಅಂದುಕೊಂಡಿದ್ದೆ. ಹೊಸ ಬಾಡಿಯ ಹೊರಮೈಗೆ ಒಂದು ತೆಳು ಫಿಲ್ಮ್ ಅಂಟಿಕೊಂಡಿರುತ್ತೆ. ಒಳಗೆ ಸ್ಪ್ರೇ ಹೊಡೆಯುವಾಗ ಹಾರಿ ಬಂದ ಬಣ್ಣದ ಧೂಳೆಲ್ಲ ಅದರ ಮೇಲೆ ಕೂರುತ್ತೆ. ಕೊನೆಯವರೆಗೂ ಕಾರು ಕೊಳಕಾಗಿ, ಮಂಕಾಗಿ, ದಂಡಕ್ಕೆ ಮಾಡಿದೆವು ಅನ್ನಿಸುವ ಹಾಗಿರುತ್ತೆ. ಎಲ್ಲ ಮುಗಿದ ಮೇಲೆ ಬಂಪರಿನ ಮೂಲೆಯಲ್ಲಿ ಉಗುರು ಹಾಕಿ ಎಬ್ಬಿಸಿ, ಸರ್ರನೆ ಎಳೆದರೆ, ಅದರಡಿಯಿಂದ ಒದ್ದೆಯಾದ ಹಾಗೆ ಹೊಳೆಯುವ ಕಾರು ಹುಟ್ಟುತ್ತೆ. ಐದು ಸಂಜೆಯ ಕೂಲಿ ಆ ಐದು ಸೆಕೆಂಡು. ನಾನಂತೂ ಬಾಗಿಲು ಹಾಕಿಕೊಂಡು ಎಳೆಯುತ್ತೇನೆ.

ಈ ಸಲ ಎಳೆದಾಗ ಹೆಬ್ಬೆಟ್ಟು ಇನ್ನೂ ಸ್ಪಷ್ಟವಾಯಿತು.

ಹಳೇ ಬಾಡಿಗಳನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇನೆ. ಅವುಗಳ ಶಾಸಿಗಳು, ಅಂದರೆ ಚಕ್ರ ಕೂತ ಕೆಳಗಿನ ಚೌಕಟ್ಟುಗಳು, ಎಂದೋ ಕೈಬದಲಾದವು. ಒಂದಕ್ಕೆ ಮುಂದಿನ ಬಂಪರಿಲ್ಲ. ಇನ್ನೊಂದರ ಸೀಳಿಗೆ ಒಳಗಿನಿಂದ ಶೂ ಅಂಟು, ಗೋಡೆ ಬಿರುಕಿಗೆ ಹಾಕುವ ಬಲೆಪಟ್ಟಿ ಮೆತ್ತಿದ್ದೇನೆ. ಎರಡು ಸಂಜೆ ಟೇಪು ಹಚ್ಚಿದ ಬಾಡಿಯೊಂದು ಮೊದಲ ಸುತ್ತಿನಲ್ಲೇ ತಡೆಗೋಡೆಗೆ ಬಡಿದು ಬಾಯಿ ಬಿಟ್ಟಿತು. ಅರ್ಧ ಗಂಟೆಯಲ್ಲಿ ಬೇಕಾಬಿಟ್ಟಿ ಹೊಡೆದದ್ದು ಮೂರು ವರ್ಷ ಓಡಿತು. ಯಾವುದನ್ನಾದರೂ ತಿರುಗಿಸಿ ನೋಡಿದರೆ ಒಳಗೆ ಬರೀ ಬಿಳಿ. ಅಷ್ಟು ಪಟ್ಟಿ, ಅಷ್ಟು ಗೆರೆ, ಒಂದೂ ಕಾಣಲ್ಲ.

ಅವುಗಳಲ್ಲಿ ಒಂದು ನನ್ನದಲ್ಲ. ಜೊತೆಗೆ ಓಡಿಸುತ್ತಿದ್ದ ಗೆಳೆಯನದು. ಕಿಟಕಿಗಳಿಗೆ ಮಾಸ್ಕ್ ಹಾಕಿ, ಒಂದು ಬದಿಗೆ ಟೇಪು ಎಳೆದು, ‘ಇರಲಿ, ಮುಂದಿನ ವಾರ ಬಂದು ಮುಗಿಸ್ತೀನಿ’ ಅಂತ ಬಿಟ್ಟುಹೋಗಿದ್ದ. ಆಮೇಲೆ ಕೆಲಸ, ಮದುವೆ, ಬೇರೆ ಊರು. ಟೇಪು ಈಗ ಕಂದು ತಿರುಗಿದೆ. ಇಷ್ಟು ದಿನವಾದ ಮೇಲೆ ಕಿತ್ತರೆ ಅಂಟು ಅಲ್ಲೇ ಉಳಿಯುತ್ತೆ. ಕಿತ್ತಿಲ್ಲ. ಧೂಳು ಮಾತ್ರ ಹೊಡೆಯುತ್ತೇನೆ.

ನಿನ್ನೆ ಸಂಜೆ ಭಾವ ಮತ್ತೆ ಬಂದರು. ಅಕ್ಕ ಸರಿಯಾಗಿ ಬೈದಿದ್ದಳು ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು. ಕೈಯಲ್ಲೊಂದು ದೊಡ್ಡ ಡಬ್ಬ. ಎಲ್ಲೆಲ್ಲೋ ವಿಚಾರಿಸಿ, ನನ್ನ ಹಳೇ ಡಬ್ಬದ ಮೇಲಿನ ನಂಬರನ್ನೇ ಬರೆದುಕೊಂಡು ಹೋಗಿ, ಅದೇ ಅಳತೆಯ, ಅದೇ ಮಾದರಿಯ ಹೊಸ ಬಾಡಿ ತಂದಿದ್ದರು. ನನಗೆ ಗಂಟಲು ಕಟ್ಟಿತು. ಈ ಮನುಷ್ಯನ ಬಗ್ಗೆ ವಾರವಿಡೀ ಏನೇನು ಅಂದುಕೊಂಡೆನಲ್ಲ ಅಂತ ನಾಚಿಕೆಯಾಯಿತು.

‘ಯಾಕೆ ಭಾವ ಇದೆಲ್ಲ’ ಅಂದೆ.

‘ಇರಲಿ ಬಿಡೋ. ತೆಗೆದು ನೋಡು.’

ಡಬ್ಬ ತೆಗೆದೆ. ಬಾಡಿ ಹೊರಬಂತು. ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ಹೊಸ ಬಾಡಿ ಹೀಗೆ ಹೊಳೆಯಬಾರದಲ್ಲ ಅಂತ ಮನಸ್ಸಿನ ಮೂಲೆಯಲ್ಲೆಲ್ಲೋ ಏನೋ ಕುಟುಕಿತು. ಬಂಪರಿನ ಮೂಲೆಗೆ ಉಗುರು ಹಾಕಿದೆ. ಏನೂ ಸಿಗಲಿಲ್ಲ.

‘ಮೇಲೆ ಒಂದು ಪ್ಲಾಸ್ಟಿಕ್ ಪೊರೆ ಇತ್ತು’ ಅಂದರು ಭಾವ, ಖುಷಿಯಿಂದ. ‘ಕಿತ್ಕೊಂಡು ಕೂರೋದು ನಿನಗ್ಯಾಕೆ ಕಷ್ಟ ಅಂತ ನಾನೇ ಪೂರ್ತಿ ಕಿತ್ತೆ. ಒಂದು ಚೂರೂ ಬಿಟ್ಟಿಲ್ಲ.’

ಕಿಟಕಿಯಿಂದ ಬಂದ ಬೆಳಕಿನಲ್ಲಿ ಬಾಡಿಯ ಹೊರಮೈ ತುಂಬ ಹೆಬ್ಬೆಟ್ಟುಗಳು ಮಿನುಗುತ್ತಿದ್ದವು.